ಸಿಮ್‌ಲಿಂಕ್, ಹಾರ್ಡ್ ಲಿಂಕ್, ಬೈಂಡ್ ಮೌಂಟ್: ಯಾವ ಕೆಲಸಕ್ಕೆ ಯಾವ ಸಿಸ್ಟಮ್ ಕಾಲ್?

ಒಂದೇ ಫೈಲನ್ನೋ ಡೈರೆಕ್ಟರಿಯನ್ನೋ ಎರಡು ಹೆಸರಿನಿಂದ ತಲುಪಬೇಕು. ಬೇಕಾಗಿರುವುದು ಇಷ್ಟೇ ಆದರೂ ಲಿನಕ್ಸ್‌ನಲ್ಲಿ ಇದಕ್ಕೆ ಮೂರು ದಾರಿಗಳಿವೆ: ಸಿಮ್‌ಲಿಂಕ್, ಲಿಂಕ್ (ಹಾರ್ಡ್ ಲಿಂಕ್‌ಗೆ) ಮತ್ತು ಮೌಂಟ್ (ಬೈಂಡ್ ಮೌಂಟ್‌ಗೆ) ಎಂಬ ಸಿಸ್ಟಮ್ ಕಾಲ್‌ಗಳು, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ಪ್ರೋಗ್ರಾಂ ಕೊಡುವ ಕರೆಗಳು. ವಿಂಡೋಸ್‌ಗೆ ಬಂದರೆ ಜಂಕ್ಷನ್ ಎಂಬುದೂ ಸೇರಿಕೊಳ್ಳುತ್ತದೆ. ಬಹಳ ಜನ ಸಿಮ್‌ಲಿಂಕ್ ಮಾಡುವ ‘ಎಲ್ಎನ್ -ಎಸ್’ ಎಂಬ ಕಮಾಂಡಿಗೆ ಕೈ ಒಗ್ಗಿಸಿಕೊಂಡು, ಎಲ್ಲದಕ್ಕೂ ಅದನ್ನೇ ಬಳಸುತ್ತಾರೆ. ಅರ್ಧ ಕಡೆ ಅದು ಸರಿಯಾದ ಆಯ್ಕೆಯೇ. ಉಳಿದರ್ಧ ಕಡೆ ತೊಂದರೆ ಕಾಣಿಸಿಕೊಳ್ಳುವುದು ತಿಂಗಳುಗಳ ನಂತರ, ಅದೂ ಬೇರೆಯವರ ಕೈಯಲ್ಲಿ.

ಆಯ್ಕೆಗೆ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಗುರಿ ಇದೆಯೋ ಇಲ್ಲವೋ ಎಂದು ಕರ್ನಲ್ ಯಾವಾಗ ನೋಡಬೇಕು? ಹಾರ್ಡ್ ಲಿಂಕ್ ಆದರೆ ಮಾಡುವ ಹೊತ್ತಿಗೇ ನೋಡುತ್ತದೆ, ಆಮೇಲೆ ಮತ್ತೆ ನೋಡುವ ಅಗತ್ಯವೇ ಇರುವುದಿಲ್ಲ. ಬೈಂಡ್ ಮೌಂಟ್ (ಇರುವ ಡೈರೆಕ್ಟರಿಯನ್ನೇ ಇನ್ನೊಂದು ಜಾಗದಲ್ಲೂ ತೋರಿಸುವುದು) ಆದರೆ ಮೌಂಟ್ ಆದ ಕ್ಷಣ ಗುರಿಯನ್ನು ಹಿಡಿದುಕೊಳ್ಳುತ್ತದೆ, ಬಿಡುವುದು ಅನ್‌ಮೌಂಟ್ ಮಾಡಿದಾಗ ಅಥವಾ ರೀಬೂಟ್ ಆದಾಗ. ಸಿಮ್‌ಲಿಂಕ್ ಮಾಡುವಾಗ ಕರ್ನಲ್ ಗುರಿಯ ಕಡೆ ತಿರುಗಿಯೂ ನೋಡುವುದಿಲ್ಲ. ಬಳಸುವಾಗ ಮಾತ್ರ, ಪ್ರತಿ ಸಲವೂ ಹೊಸದಾಗಿ ಹುಡುಕುತ್ತದೆ.

ಬೆಂಗಳೂರಿನ ವಿಳಾಸದ ಲೆಕ್ಕದಲ್ಲಿ ಹೇಳುವುದಾದರೆ, ಮುಚ್ಚಿದ ಶಟರ್ ಮೇಲೆ ‘ಅಂಗಡಿ ಜಯನಗರ 4ನೇ ಬ್ಲಾಕಿಗೆ ಸ್ಥಳಾಂತರಗೊಂಡಿದೆ’ ಎಂದು ಅಂಟಿಸಿದ ಚೀಟಿಯೇ ಸಿಮ್‌ಲಿಂಕ್. ಚೀಟಿ ಬರೆಯುವಾಗ ಹೊಸ ಅಂಗಡಿ ತೆರೆದಿರಲೇಬೇಕು ಅಂತೇನಿಲ್ಲ. ಹಾರ್ಡ್ ಲಿಂಕ್ ಅಂದರೆ ಕಾರ್ನರ್ ಸೈಟಿನ ಮನೆ: ಮೇನ್ ಕಡೆಗೆ ಒಂದು ಗೇಟು, ಕ್ರಾಸ್ ಕಡೆಗೆ ಇನ್ನೊಂದು. ಯಾವ ಗೇಟು ‘ಅಸಲಿ’ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಒಂದಕ್ಕೆ ಗೋಡೆ ಕಟ್ಟಿದರೂ ಮನೆ ಹಾಗೇ ಇರುತ್ತದೆ.

ಮುಂದಿನ ಉದಾಹರಣೆಗಳಲ್ಲಿ ಫೈಲ್ ಹೆಸರುಗಳು ಕನ್ನಡದಲ್ಲೇ ಇವೆ. ಲಿನಕ್ಸ್‌ಗೆ ಹೆಸರೆಂದರೆ ಬೈಟ್‌ಗಳ ಸಾಲು. ಓರೆಗೀಟು ಮತ್ತು ಸೊನ್ನೆ ಬೈಟ್ ಬಿಟ್ಟು ಬೇರೆ ಯಾವುದಕ್ಕೂ ಅಡ್ಡಿಯಿಲ್ಲ.

ಸಿಮ್‌ಲಿಂಕ್ ಕಾಲ್ ನಿಜವಾಗಿ ಏನು ಮಾಡುತ್ತದೆ

1983ರ 4.2 ಬಿಎಸ್‌ಡಿ ಯುನಿಕ್ಸ್‌ನಲ್ಲಿ ಈ ಕಾಲ್ ಬಂತು. ಇದಕ್ಕೆ ಕೊಡಬೇಕಾದ್ದು ಎರಡೇ: ಮೊದಲು ಗುರಿ, ನಂತರ ಹೊಸ ಲಿಂಕಿನ ಹೆಸರು. ಗೆದ್ದರೆ 0, ಸೋತರೆ -1; ಸೋತ ಕಾರಣ ಬೇರೆಯಾಗಿ ಒಂದು ಎರರ್ ಸಂಖ್ಯೆಯಾಗಿ ಸಿಗುತ್ತದೆ, ಮುಂದೆ ಆವರಣದಲ್ಲಿ ಬರುವ ಸಂಖ್ಯೆಗಳು ಅವೇ. ಕ್ರಮ ಗೊಂದಲವಾದರೆ ಫೈಲ್ ಕಾಪಿ ಮಾಡುವುದನ್ನು ನೆನೆಯಿರಿ: ಇರುವುದು ಮೊದಲು, ಆಗಬೇಕಾದ್ದು ಆಮೇಲೆ. ಆದರೆ ಈ ಕ್ರಮ ಎಲ್ಲೆಡೆಯೂ ಒಂದೇ ಅಲ್ಲ. ಪೈಥಾನ್, ಗೋ, ನೋಡ್ ಇದೇ ಕ್ರಮ ಇಟ್ಟುಕೊಂಡಿವೆ. ಜಾವಾದ ‘ಫೈಲ್ಸ್’ ಕ್ಲಾಸ್ ಮತ್ತು ವಿಂಡೋಸ್‌ನ ಕಾಲ್ ಲಿಂಕಿನ ಹೆಸರನ್ನು ಮೊದಲು ಕೇಳುತ್ತವೆ. ಕೋಡನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸುವಾಗ ಇದು ತಪ್ಪಿದರೆ, ಗುರಿ ಮೊದಲೇ ಇರುವುದರಿಂದ ‘ಈಗಾಗಲೇ ಇದೆ’ ಎಂಬ ಎರರ್ ಬರುತ್ತದೆ. ಅದನ್ನು ನೋಡಿ ‘ಹಳೆಯದನ್ನು ಅಳಿಸಿ ಮತ್ತೆ ಮಾಡೋಣ’ ಎಂದು ಹೊರಟರೆ ಅಳಿಯುವುದು ಅಸಲಿ ಫೈಲು.

ಕರ್ನಲ್ ಗುರಿಯನ್ನು ಒಂದು ಸ್ಟ್ರಿಂಗ್ ಆಗಿ ಉಳಿಸಿಕೊಳ್ಳುತ್ತದೆ, ಅಷ್ಟೇ. ಗುರಿ ಇಲ್ಲದಿದ್ದರೂ, ಅದನ್ನು ಓದುವ ಅನುಮತಿ ನಿಮಗೆ ಇಲ್ಲದಿದ್ದರೂ ಲಿಂಕ್ ಆಗುತ್ತದೆ. ಬೇಕಾಗಿರುವುದು ಲಿಂಕ್ ಕೂರುವ ಡೈರೆಕ್ಟರಿಯಲ್ಲಿ ಬರೆಯುವ ಮತ್ತು ಹಾಯುವ ಅನುಮತಿ ಮಾತ್ರ. ಸ್ಟ್ರಿಂಗ್ ಖಾಲಿ ಇರಬಾರದು; 4095 ಬೈಟ್ ಮೀರಬಾರದು. ಲಿನಕ್ಸ್‌ನ ಎಕ್ಸ್‌ಟ್4 ಫೈಲ್‌ಸಿಸ್ಟಮ್‌ನಲ್ಲಿ ಗುರಿ 60 ಬೈಟ್‌ಗಿಂತ ಕಡಿಮೆಯಿದ್ದರೆ ಅದು ಐನೋಡ್ (ಫೈಲಿನ ವಿವರಗಳ ದಾಖಲೆ) ಒಳಗೇ ಕೂರುತ್ತದೆ, ಡಿಸ್ಕ್ ಬ್ಲಾಕ್ ಖರ್ಚಾಗುವುದಿಲ್ಲ. ಅದಕ್ಕಿಂತ ಉದ್ದವಾದರೆ ಪ್ರತಿ ಲಿಂಕಿಗೂ ಒಂದು ಬ್ಲಾಕ್, ಅಂದರೆ ಸಾಮಾನ್ಯವಾಗಿ 4096 ಬೈಟ್. ಹತ್ತು ಲಿಂಕಿದ್ದಾಗ ಇದು ಲೆಕ್ಕಕ್ಕೇ ಬರುವುದಿಲ್ಲ. ಲಕ್ಷಗಟ್ಟಲೆ ಲಿಂಕಿರುವ ಪ್ಯಾಕೇಜ್ ಸಂಗ್ರಹದಲ್ಲಿ ಖಂಡಿತ ಬರುತ್ತದೆ.

ಲಿಂಕಿನ ಮೇಲೆ ಕಾಣುವ 0777 ಅನುಮತಿಗೆ ಲಿನಕ್ಸ್‌ನಲ್ಲಿ ಬೆಲೆಯಿಲ್ಲ. ಲೆಕ್ಕಕ್ಕೆ ಬರುವುದು ಗುರಿಯ ಅನುಮತಿ ಮತ್ತು ದಾರಿಯಲ್ಲಿರುವ ಡೈರೆಕ್ಟರಿಗಳ ಅನುಮತಿ. ಒಂದು ಪಾತ್ (ಫೈಲಿನ ವಿಳಾಸ) ಬಿಡಿಸುವಾಗ ಒಟ್ಟು 40 ಸಿಮ್‌ಲಿಂಕ್‌ಗಳವರೆಗೆ ಕರ್ನಲ್ ಹಿಂಬಾಲಿಸುತ್ತದೆ, ಅದಾದ ಮೇಲೆ ‘ಇಲೂಪ್’ ಎಂದು ಕೈಬಿಡುತ್ತದೆ. ಆ ಎರರ್‌ನ ಸಂಖ್ಯೆಯೂ ಲಿನಕ್ಸ್‌ನಲ್ಲಿ 40. ಕಾಕತಾಳೀಯ, ಆದರೆ ನೆನಪಿಡಲು ಸುಲಭ.

ಪೂರ್ತಿ ವಿಳಾಸವೋ, ‘ಇಲ್ಲಿಂದ ಎರಡು ಕ್ರಾಸ್’ ಎಂಬ ದಾರಿಯೋ

ಗುರಿ ಓರೆಗೀಟಿನಿಂದ ಶುರುವಾದರೆ ಅದು ಪೂರ್ತಿ ಪಾತ್. ಇಲ್ಲದಿದ್ದರೆ ಸಾಪೇಕ್ಷ ಪಾತ್. ಸಾಪೇಕ್ಷ ಗುರಿಯನ್ನು ಕರ್ನಲ್ ಬಿಡಿಸುವುದು ಲಿಂಕ್ ಇರುವ ಡೈರೆಕ್ಟರಿಯಿಂದ. ನೀವು ನಿಂತಿರುವ ಡೈರೆಕ್ಟರಿಯಿಂದ ಅಲ್ಲ. ಹೊಸಬರು ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಇದೊಂದೇ ಸಾಲಿನಿಂದ ಹುಟ್ಟುತ್ತವೆ. ಚೀಟಿಯಲ್ಲಿ ‘ಇಲ್ಲಿಂದ ಎರಡು ಕ್ರಾಸ್ ಮುಂದೆ’ ಎಂದು ಬರೆದಿದ್ದರೆ ‘ಇಲ್ಲಿ’ ಎಂದರೆ ಚೀಟಿ ಅಂಟಿಸಿದ ಜಾಗ. ಅದೇ ಚೀಟಿಯನ್ನು ಕಿತ್ತು ಮಲ್ಲೇಶ್ವರದಲ್ಲಿ ಅಂಟಿಸಿದರೆ ದಾರಿ ಬೇರೆಯೇ ಆಗುತ್ತದೆ.

‘/ಸೇವೆ/ಪ್ರಸ್ತುತ’ ಎಂಬ ಲಿಂಕ್ ‘/ಸೇವೆ/ಬಿಡುಗಡೆಗಳು/42’ ಅನ್ನು ತೋರಿಸಬೇಕು ಎಂದುಕೊಳ್ಳಿ. ಪೂರ್ತಿ ಪಾತ್ 47 ಬೈಟ್ ಆಗುತ್ತದೆ, ‘ಬಿಡುಗಡೆಗಳು/42’ ಎಂಬ ಸಾಪೇಕ್ಷ ಪಾತ್ 33 ಬೈಟ್. ಲಿಂಕಿನ ಗಾತ್ರವನ್ನು ‘ಎಲ್‌ಸ್ಟ್ಯಾಟ್’ ಕಾಲ್‌ನಿಂದ ಕೇಳಿದರೆ ಇದೇ ಸಂಖ್ಯೆ ಬರುತ್ತದೆ. ಲಿಂಕ್ ಮತ್ತು ಗುರಿ ಒಂದೇ ಮರದೊಳಗೆ ಒಟ್ಟಿಗೆ ಸಾಗುವಂತಿದ್ದರೆ ಸಾಪೇಕ್ಷವೇ ಸರಿ: ‘/ಸೇವೆ’ ಇಡಿಯಾಗಿ ಬೇರೆ ಡಿಸ್ಕಿಗೆ ಹೋದರೂ, ಕಂಟೇನರ್ (ತನ್ನದೇ ಬೇರು ಡೈರೆಕ್ಟರಿಯಿರುವ ಪ್ರತ್ಯೇಕ ಆವರಣ) ಒಳಗೆ ‘/ಆ್ಯಪ್’ ಎಂದು ಕಾಣಿಸಿಕೊಂಡರೂ ಲಿಂಕ್ ಮುರಿಯುವುದಿಲ್ಲ. ಕಂಟೇನರ್‌ಗಳಲ್ಲಿ ಪೂರ್ತಿ ಪಾತ್ ಕೈಕೊಡುವ ಬಗೆ ಯಾವಾಗಲೂ ಒಂದೇ. ಹೋಸ್ಟ್‌ನಲ್ಲಿ ಸರಿಯಾಗಿ ತೆರೆಯುವ ಲಿಂಕ್ ಒಳಗಿನಿಂದ ‘ಇಲ್ಲ’ ಎನ್ನುತ್ತದೆ, ಏಕೆಂದರೆ ಮೊದಲ ಓರೆಗೀಟು ಈಗ ಕಂಟೇನರ್‌ನ ಬೇರು. ನೆಟ್‌ವರ್ಕ್ ಮೂಲಕ ಫೈಲ್ ಹಂಚುವ ಎನ್‌ಎಫ್‌ಎಸ್‌ನಲ್ಲೂ ಲಿಂಕನ್ನು ಬಿಡಿಸುವುದು ಕ್ಲೈಂಟ್ ಕಡೆಯೇ. ಸರ್ವರ್‌ನ ಪೂರ್ತಿ ಪಾತ್ ಅಲ್ಲಿ ಇರಬೇಕೆಂದೇನಿಲ್ಲ. ಲಿಂಕ್ ಒಂದೇ ಬೇರೆಡೆಗೆ ಹೋಗುವ ಸಂಭವ ಇದ್ದು, ಗುರಿ ಎಂದೂ ಅಲುಗದಿದ್ದರೆ ಮಾತ್ರ ಪೂರ್ತಿ ಪಾತ್ ಕೊಡಿ.

ಸಿಮ್‌ಲಿಂಕ್ ಕಾಲ್ ಮತ್ತು ಸಿಮ್‌ಲಿಂಕ್-ಆ್ಯಟ್ ಕಾಲ್

ಲಿನಕ್ಸ್ 2.6.16ರಲ್ಲಿ ‘ಸಿಮ್‌ಲಿಂಕ್-ಆ್ಯಟ್’ ಬಂತು. ಗುರಿ ಮತ್ತು ಲಿಂಕಿನ ಹೆಸರಿನ ನಡುವೆ ಇದು ಒಂದು ಡೈರೆಕ್ಟರಿ ಡಿಸ್ಕ್ರಿಪ್ಟರ್ (ತೆರೆದ ಡೈರೆಕ್ಟರಿಯ ಗುರುತಿನ ಸಂಖ್ಯೆ) ಕೇಳುತ್ತದೆ. ಲಿಂಕಿನ ಹೆಸರು ಸಾಪೇಕ್ಷವಾಗಿದ್ದರೆ ಆ ಡೈರೆಕ್ಟರಿಯಿಂದ ಬಿಡಿಸುತ್ತದೆ. ಗುರಿಗೂ ಆ ಡಿಸ್ಕ್ರಿಪ್ಟರಿಗೂ ಯಾವ ಸಂಬಂಧವೂ ಇಲ್ಲ. ಗುರಿ ಇಲ್ಲಿಯೂ ಬರೀ ಸ್ಟ್ರಿಂಗ್.

ಬಿಡಿ ಸ್ಕ್ರಿಪ್ಟಿಗೆ ಹಳೆಯ ಕಾಲ್ ಸಾಕು. ಥ್ರೆಡ್‌ಗಳಿರುವ ಪ್ರೋಗ್ರಾಂ, ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ಓಡುವ ಸೇವೆ, ಬೇರೆಯವರೂ ಬರೆಯಬಲ್ಲ ಡೈರೆಕ್ಟರಿ, ಈ ಮೂರರಲ್ಲಿ ಯಾವುದಿದ್ದರೂ ‘ಆ್ಯಟ್’ ಬಗೆಯನ್ನೇ ಹಿಡಿಯಿರಿ. ಡೈರೆಕ್ಟರಿಯನ್ನು ಒಮ್ಮೆ ತೆರೆದು, ಮುಂದಿನ ಎಲ್ಲ ಕೆಲಸವನ್ನೂ ಅದೇ ಡಿಸ್ಕ್ರಿಪ್ಟರ್ ಮೂಲಕ ಮಾಡಿದರೆ, ನಡುವೆ ಯಾರಾದರೂ ಆ ಡೈರೆಕ್ಟರಿಯ ಹೆಸರು ಬದಲಿಸಿ ಅದರ ಜಾಗದಲ್ಲಿ ಬೇರೊಂದನ್ನು ಇಟ್ಟರೂ ನಿಮ್ಮ ಲಿಂಕ್ ಹೋಗಬೇಕಾದಲ್ಲಿಗೇ ಹೋಗುತ್ತದೆ.

ಇನ್ನೊಂದು ವಿಷಯ, ಪ್ರೋಗ್ರಾಂ ಯಾವ ಕಾಲ್ ಕರೆಯಬಹುದು ಎಂದು ನಿರ್ಬಂಧಿಸುವ ಸೆಕ್‌ಕಾಂಪ್ ಫಿಲ್ಟರ್ ಬರೆಯುವವರಿಗೆ. 64 ಬಿಟ್ ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಹಳೆಯ ಕಾಲ್‌ನ ಸಂಖ್ಯೆ 88, ಹೊಸದರದ್ದು 266. 64 ಬಿಟ್ ಎಆರ್‌ಎಂ ಲಿನಕ್ಸ್‌ನಲ್ಲಿ ಹಳೆಯ ಕಾಲ್ ಇಲ್ಲವೇ ಇಲ್ಲ. 36 ಸಂಖ್ಯೆಯ ಸಿಮ್‌ಲಿಂಕ್-ಆ್ಯಟ್ ಒಂದೇ. ಅಲ್ಲಿ ಸಿ ಲೈಬ್ರರಿಯ ಸಿಮ್‌ಲಿಂಕ್ ಫಂಕ್ಷನ್ ಒಳಗೊಳಗೆ ‘ಈಗಿನ ಡೈರೆಕ್ಟರಿ’ ಎಂಬರ್ಥದ -100 ಕೊಟ್ಟು ಹೊಸ ಕಾಲನ್ನೇ ಕರೆಯುತ್ತದೆ. ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಪರೀಕ್ಷಿಸಿದ ಫಿಲ್ಟರ್ ಎಆರ್‌ಎಂ ಸರ್ವರ್ ಏರಿದ ಕೂಡಲೇ ಲಿಂಕ್ ಮಾಡಲು ಬಿಡದಿದ್ದರೆ ಮೊದಲು ಇಲ್ಲಿ ನೋಡಿ.

ಇರುವ ಲಿಂಕನ್ನು ಬದಲಿಸುವುದು

ಲಿಂಕ್ ಹುಟ್ಟಿಸುವುದಕ್ಕಿಂತ ಇರುವುದನ್ನು ತಿರುಗಿಸುವುದು ಕಷ್ಟ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಇರುವ ಲಿಂಕಿನ ಗುರಿಯನ್ನು ತಿದ್ದುವ ಸಿಸ್ಟಮ್ ಕಾಲ್ ಲಿನಕ್ಸ್‌ನಲ್ಲಿ ಇಲ್ಲ. ಹೆಸರು ಇದ್ದರೆ ಸಿಮ್‌ಲಿಂಕ್ ಕಾಲ್ ‘ಇಎಕ್ಸಿಸ್ಟ್’ (17) ಕೊಟ್ಟು ನಿಲ್ಲುತ್ತದೆ, ಮೇಲೆ ಬರೆಯುವುದಿಲ್ಲ. ಆಗ ಎಲ್ಲರಿಗೂ ಹೊಳೆಯುವುದು ‘ಅನ್‌ಲಿಂಕ್’ ಮಾಡಿ ಮತ್ತೆ ‘ಸಿಮ್‌ಲಿಂಕ್’ ಮಾಡುವುದು. ಈ ಎರಡು ಕಾಲ್‌ಗಳ ನಡುವೆ ‘ಪ್ರಸ್ತುತ’ ಎಂಬ ಹೆಸರೇ ಇರುವುದಿಲ್ಲ. ಸೆಕೆಂಡಿಗೆ 2000 ವಿನಂತಿ ಬರುವ ಸೇವೆಯಲ್ಲಿ ಈ ಬಿರುಕು ಒಂದೇ ಮಿಲಿಸೆಕೆಂಡ್ ಇದ್ದರೂ ಸರಾಸರಿ ಎರಡು ವಿನಂತಿಗಳು 404 ಪಡೆಯುತ್ತವೆ. ಅದಕ್ಕಿಂತ ಕೆಟ್ಟದ್ದೆಂದರೆ ಪ್ರೋಗ್ರಾಂ ಈ ಬಿರುಕಿನಲ್ಲೇ ಸಾಯುವುದು. ಆಗ ಹಳೆಯದೂ ಇಲ್ಲ, ಹೊಸದೂ ಇಲ್ಲ.

ಸರಿಯಾದ ಕ್ರಮ ಹೀಗಿದೆ:

1. ಹೊಸ ಆವೃತ್ತಿಯನ್ನು ‘/ಸೇವೆ/ಬಿಡುಗಡೆಗಳು/43’ ಒಳಗೆ ಪೂರ್ತಿ ಸಿದ್ಧಮಾಡಿ. ಲೈಬ್ರರಿಗಳು, ಸೆಟ್ಟಿಂಗ್ಸ್, ಅನುಮತಿ ಎಲ್ಲವೂ ಮುಗಿದಿರಬೇಕು.
2. ಗುರಿ ‘ಬಿಡುಗಡೆಗಳು/43’, ಹೆಸರು ‘/ಸೇವೆ/ಪ್ರಸ್ತುತ.ಹೊಸ’ ಎಂದು ಸಿಮ್‌ಲಿಂಕ್ ಮಾಡಿ. ಹಿಂದಿನ ಸಲ ಅರ್ಧಕ್ಕೆ ನಿಂತ ಡಿಪ್ಲಾಯ್‌ನಿಂದ (ಹೊಸ ಆವೃತ್ತಿ ಏರಿಸುವ ಕೆಲಸದಿಂದ) ಇದೇ ಹೆಸರು ಉಳಿದಿರಬಹುದು. 17 ಬಂದರೆ ಈ ತಾತ್ಕಾಲಿಕ ಲಿಂಕನ್ನು ಮಾತ್ರ ಅಳಿಸಿ ಮತ್ತೆ ಮಾಡಿ.
3. ‘ರಿನೇಮ್’ ಕಾಲ್‌ನಿಂದ ‘ಪ್ರಸ್ತುತ.ಹೊಸ’ವನ್ನು ‘ಪ್ರಸ್ತುತ’ ಮಾಡಿ.
4. ‘/ಸೇವೆ’ ಡೈರೆಕ್ಟರಿಯನ್ನು ತೆರೆದು ‘ಎಫ್‌ಸಿಂಕ್’ (ಬದಲಾವಣೆಯನ್ನು ಡಿಸ್ಕಿಗೆ ಬರೆಸುವ ಕಾಲ್) ಮಾಡಿ. ಸಿಮ್‌ಲಿಂಕಿಗೇ ನೇರವಾಗಿ ಎಫ್‌ಸಿಂಕ್ ಮಾಡಲು ಬರುವುದಿಲ್ಲ. ಕರೆಂಟು ಹೋದರೂ ಬದಲಾವಣೆ ಉಳಿಯಬೇಕಾದರೆ ಡೈರೆಕ್ಟರಿಗೆ ಮಾಡಬೇಕು.

ರಿನೇಮ್ ಲಿಂಕನ್ನು ಹಿಂಬಾಲಿಸುವುದಿಲ್ಲ, ಲಿಂಕನ್ನೇ ಎತ್ತಿ ಲಿಂಕಿನ ಮೇಲೆ ಇಡುತ್ತದೆ. ನೋಡುವವರಿಗೆ 42 ಕಾಣುತ್ತದೆ, ಇಲ್ಲವೇ 43. ನಡುವಿನ ಸ್ಥಿತಿ ಇಲ್ಲ. ತಾತ್ಕಾಲಿಕ ಲಿಂಕನ್ನು ‘/ಟಿಎಂಪಿ’ಯಲ್ಲಿ ಮಾಡಬೇಡಿ. ಅದು ಬೇರೆ ಫೈಲ್‌ಸಿಸ್ಟಮ್ ಆಗಿದ್ದರೆ ರಿನೇಮ್ ‘ಇಎಕ್ಸ್‌ಡೆವ್’ (18) ಕೊಡುತ್ತದೆ. ಅದೇ ಡೈರೆಕ್ಟರಿಯಲ್ಲಿ ಮಾಡುವುದೇ ಕ್ಷೇಮ.

ಶೆಲ್‌ನಲ್ಲಿ ಮಾಡುವವರು ಒಂದು ಗುಂಡಿಯನ್ನು ನೋಡಿಕೊಂಡು ನಡೆಯಬೇಕು. ‘ಪ್ರಸ್ತುತ’ ಡೈರೆಕ್ಟರಿಗೆ ಹೋಗುವ ಲಿಂಕ್ ಆದ್ದರಿಂದ ‘ಎಂವಿ’ ಕಮಾಂಡ್ ಅದನ್ನು ಡೈರೆಕ್ಟರಿ ಎಂದೇ ತಿಳಿದು, ಹೊಸ ಲಿಂಕನ್ನು ಹಳೆಯ ಬಿಡುಗಡೆಯ ಒಳಗೆ ಹಾಕಿಬಿಡುತ್ತದೆ. ಎರರ್ ಬರುವುದಿಲ್ಲ, ಡಿಪ್ಲಾಯ್ ಆಯಿತೆಂಬ ಸಂದೇಶವೂ ಬರುತ್ತದೆ, ಓಡುತ್ತಿರುವುದು ಮಾತ್ರ 42ನೆಯದೇ. ಗ್ನೂ ‘ಎಂವಿ’ಗೆ ದೊಡ್ಡಕ್ಷರದ ‘-ಟಿ’ ಆಯ್ಕೆ ಕೊಟ್ಟರೆ ಗುರಿಯನ್ನು ಬರೀ ಹೆಸರಾಗಿ ನೋಡುತ್ತದೆ. ‘ಎಲ್ಎನ್ -ಎಸ್’ಗೂ ಇದೇ ರೋಗ, ಇದೇ ಮದ್ದು.

‘ಪ್ರಸ್ತುತ’ ಎಂಬುದು ಲಿಂಕ್ ಅಲ್ಲದೆ ನಿಜವಾದ ಡೈರೆಕ್ಟರಿಯೇ ಆಗಿರುವ ಹಳೆಯ ವ್ಯವಸ್ಥೆಯಲ್ಲಿ ರಿನೇಮ್ ‘ಇಈಸ್‌ಡಿರ್’ (21) ಎಂದು ನಿರಾಕರಿಸುತ್ತದೆ. ಇಂಥ ಕಡೆ ಲಿನಕ್ಸ್ 3.15ರಲ್ಲಿ ಬಂದ ‘ರಿನೇಮ್-ಆ್ಯಟ್2’ ಕಾಲ್‌ನ ‘ಎಕ್ಸ್‌ಚೇಂಜ್’ ಫ್ಲ್ಯಾಗ್ ಬಳಸಿ. ಅದು ಎರಡು ಹೆಸರುಗಳನ್ನು ಒಂದೇ ಏಟಿಗೆ ಅದಲುಬದಲು ಮಾಡುತ್ತದೆ, ಒಂದು ಡೈರೆಕ್ಟರಿ ಇನ್ನೊಂದು ಲಿಂಕ್ ಆದರೂ ಸರಿ. ಸೇವೆ ನಿಲ್ಲಿಸದೆ ಹಳೆಯ ವ್ಯವಸ್ಥೆಯನ್ನು ಲಿಂಕ್ ವ್ಯವಸ್ಥೆಗೆ ತರಲು ಇದಕ್ಕಿಂತ ಚೊಕ್ಕ ದಾರಿಯಿಲ್ಲ. ಎಕ್ಸ್‌ಟ್4, ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್‌ಗಳಲ್ಲಿ ನಡೆಯುತ್ತದೆ; ಬೆಂಬಲವಿಲ್ಲದ ಫೈಲ್‌ಸಿಸ್ಟಮ್ 22 ಸಂಖ್ಯೆಯ ಎರರ್ ಕೊಡುತ್ತದೆ.

ಲಿಂಕ್ ತಿರುಗಿದ ಮಾತ್ರಕ್ಕೆ ಓಡುತ್ತಿರುವ ಪ್ರೋಗ್ರಾಂ ತಿರುಗುವುದಿಲ್ಲ. ‘ಪ್ರಸ್ತುತ’ದ ಒಳಗೆ ನಿಂತು ಶುರುವಾದ ಪ್ರೋಸೆಸ್ ಮರುಶುರು ಆಗುವವರೆಗೆ 42ರಲ್ಲೇ ನಿಂತಿರುತ್ತದೆ. 42 ಅನ್ನು ಕೂಡಲೇ ಅಳಿಸಿದರೆ ಅದರ ಕಾಲ ಕೆಳಗಿನ ನೆಲ ಹೋದಂತೆ. ಕೊನೆಯ ಮೂರು ಬಿಡುಗಡೆಗಳನ್ನಾದರೂ ಉಳಿಸಿಕೊಳ್ಳಿ. ವಾಪಸ್ ಹೋಗಲೂ ಅದು ಬೇಕು. ಪಿಎಚ್‌ಪಿ ಬಿಡಿಸಿದ ಪಾತ್‌ಗಳನ್ನು ಪೂರ್ವನಿಯೋಜಿತವಾಗಿ 120 ಸೆಕೆಂಡ್ ನೆನಪಿಟ್ಟುಕೊಳ್ಳುತ್ತದೆ, ಹಾಗಾಗಿ ಎರಡು ನಿಮಿಷ ಹಳೆಯ ಕೋಡ್ ಓಡಿದರೆ ಗಾಬರಿ ಬೇಡ. ಎಂಜಿನ್‌ಎಕ್ಸ್ ವೆಬ್ ಸರ್ವರ್‌ನಲ್ಲಿ ಡಾಕ್ಯುಮೆಂಟ್ ರೂಟ್ ಬದಲು ರಿಯಲ್‌ಪಾತ್ ರೂಟ್ ಎಂಬ ವೇರಿಯಬಲ್ ಅನ್ನು ಪಿಎಚ್‌ಪಿಗೆ ಕಳಿಸಿದರೆ ಈ ತೊಂದರೆ ತಪ್ಪುತ್ತದೆ. ನಿಮ್ಮದೇ ಪ್ರೋಗ್ರಾಂ ಆದರೆ ವಿನಂತಿಯ ಆರಂಭದಲ್ಲಿ ‘ಪ್ರಸ್ತುತ’ವನ್ನು ಒಮ್ಮೆ ತೆರೆದು, ಉಳಿದ ಫೈಲ್‌ಗಳನ್ನು ಆ ಡಿಸ್ಕ್ರಿಪ್ಟರ್ ಮೂಲಕವೇ ತೆರೆಯಿರಿ. ಪ್ರತಿ ಸಲ ಪಾತ್ ಹಿಡಿದು ಹೋದರೆ ಪುಟ 42ರದ್ದು, ಅದರ ಸ್ಟೈಲ್ 43ರದ್ದು ಆಗಿಬಿಡಬಹುದು.

ಹಾರ್ಡ್ ಲಿಂಕ್ ಯಾವಾಗ ಗೆಲ್ಲುತ್ತದೆ

ಹೆಸರು ಹೋದರೂ ಒಳಗಿನ ದತ್ತಾಂಶ ಉಳಿಯಲೇಬೇಕು ಎಂದಾಗ. ದಿನದಿನದ ಬ್ಯಾಕಪ್‌ಗಳಲ್ಲಿ ಬದಲಾಗದ ಫೈಲ್‌ಗಳನ್ನು ಹಾರ್ಡ್ ಲಿಂಕ್ ಮಾಡಿದರೆ 30 ದಿನದ 30 ಡೈರೆಕ್ಟರಿಗಳಿದ್ದರೂ ಫೈಲ್ ಜಾಗ ತಿನ್ನುವುದು ಒಮ್ಮೆ ಮಾತ್ರ. ಯಾವ ದಿನದ ಡೈರೆಕ್ಟರಿ ಅಳಿಸಿದರೂ ಉಳಿದವು ಪೂರ್ತಿಯಾಗಿರುತ್ತವೆ. ಇದೇ ಕೆಲಸವನ್ನು ಸಿಮ್‌ಲಿಂಕಿನಲ್ಲಿ ಮಾಡಿದರೆ ಮೊದಲ ದಿನದ್ದನ್ನು ಅಳಿಸಿದಾಗ 29 ದಿನಗಳೂ ಬರಿದಾಗುತ್ತವೆ.

ಮಿತಿಗಳು ಕಟ್ಟುನಿಟ್ಟು. ಫೈಲ್‌ಸಿಸ್ಟಮ್ ದಾಟಿದರೆ 18. ಡೈರೆಕ್ಟರಿಗೆ ಮಾಡಹೊರಟರೆ ‘ಇಪರ್ಮ್’ (1), ರೂಟ್ ಆಗಿದ್ದರೂ ಅಷ್ಟೇ. ಎಕ್ಸ್‌ಟ್4ರಲ್ಲಿ ಒಂದು ಫೈಲಿಗೆ 65000 ಹೆಸರುಗಳವರೆಗೆ ಮಾತ್ರ, ಮುಂದಕ್ಕೆ ‘ಇಎಂಲಿಂಕ್’ (31). ಅನುಮತಿ, ಒಡೆತನ ಎಲ್ಲ ಹೆಸರುಗಳಿಗೂ ಒಂದೇ. ಬ್ಯಾಕಪ್‌ನಲ್ಲಿರುವ ಹೆಸರಿನ ಮೇಲೆ ಅನುಮತಿ ಬದಲಿಸಿದರೆ ಅಸಲಿಯದ್ದೂ ಬದಲಾಗುತ್ತದೆ.

ಆದರೆ ಜನ ನಿಜವಾಗಿ ಎಡವುವುದು ಸೆಟ್ಟಿಂಗ್ಸ್ ಫೈಲುಗಳಲ್ಲಿ. ಎರಡು ಕಡೆ ಒಂದೇ ಸೆಟ್ಟಿಂಗ್ಸ್ ಇರಲಿ ಎಂದು ಹಾರ್ಡ್ ಲಿಂಕ್ ಮಾಡಿರುತ್ತಾರೆ. ಹಲವು ಎಡಿಟರ್‌ಗಳು, ಹಾಗೆಯೇ ಕೋಡಿನ ಆವೃತ್ತಿಗಳನ್ನು ನೋಡಿಕೊಳ್ಳುವ ಗಿಟ್, ಫೈಲನ್ನು ಇದ್ದಲ್ಲೇ ತಿದ್ದುವುದಿಲ್ಲ. ಹೊಸ ಫೈಲ್ ಬರೆದು ಹಳೆಯ ಹೆಸರಿಗೆ ತರುತ್ತವೆ. ಐನೋಡ್ ಬದಲಾಯಿತು, ನಂಟು ಕಡಿಯಿತು. ಆ ದಿನದಿಂದ ಎರಡು ಫೈಲ್‌ಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ, ಯಾವ ಎಚ್ಚರಿಕೆಯೂ ಇಲ್ಲದೆ. ತಿದ್ದುವ ಫೈಲಿಗೆ ಸಿಮ್‌ಲಿಂಕ್, ತಿದ್ದದ ಫೈಲಿಗೆ ಹಾರ್ಡ್ ಲಿಂಕ್ ಎಂದು ಗಟ್ಟಿ ಮಾಡಿಕೊಳ್ಳಿ.

ಪ್ರತಿ ಬೇಕು, ಜಾಗ ಬೇಡ, ಮುಂದೆ ಎರಡೂ ಬೇರೆ ಬೇರೆಯಾಗಿ ತಿದ್ದುಪಡಿ ಆಗಬೇಕು ಎಂದಾದರೆ ಎರಡೂ ಲಿಂಕ್ ಬೇಡ. ಎಕ್ಸ್‌ಎಫ್‌ಎಸ್ ಅಥವಾ ಬಿಟಿಆರ್‌ಎಫ್‌ಎಸ್‌ನಲ್ಲಿ ‘ರಿಫ್ಲಿಂಕ್’ ಮಾಡಿ.

ಬೈಂಡ್ ಮೌಂಟ್

ಡೈರೆಕ್ಟರಿಗೆ ಹಾರ್ಡ್ ಲಿಂಕಿನಂಥದ್ದೇ ಬೇಕು, ಸಿಮ್‌ಲಿಂಕ್ ಹಿಂಬಾಲಿಸಲು ಪ್ರೋಗ್ರಾಂ ಒಪ್ಪುವುದಿಲ್ಲ, ಅಥವಾ ಕ್ರೂಟ್ (ಪ್ರೋಗ್ರಾಂಗೆ ಒಂದು ಡೈರೆಕ್ಟರಿಯನ್ನೇ ಬೇರು ಎಂದು ತೋರಿಸುವ ವ್ಯವಸ್ಥೆ) ಗೋಡೆಯ ಆಚೆಗಿನದ್ದನ್ನು ಒಳಗೆ ತೋರಿಸಬೇಕು: ಆಗ ಬೈಂಡ್ ಮೌಂಟ್. ಮೂಲದ ಹೆಸರು ಬದಲಾದರೂ ಮುರಿಯುವುದಿಲ್ಲ. ಬೇರೆ ಫೈಲ್‌ಸಿಸ್ಟಮ್ ಆದರೂ ನಡೆಯುತ್ತದೆ. ಇದಕ್ಕೆ ಅಡ್ಮಿನ್ ಅಧಿಕಾರ ಬೇಕು, ರೀಬೂಟ್ ಆದಮೇಲೂ ಇರಬೇಕಾದರೆ ಬೂಟ್ ಆಗುವಾಗಿನ ಮೌಂಟ್‌ಗಳ ಪಟ್ಟಿಯಾದ ‘ಎಫ್‌ಎಸ್‌ಟ್ಯಾಬ್’ ಫೈಲಿನಲ್ಲಿ ಬರೆದಿಡಬೇಕು.

ಓದಲು ಮಾತ್ರ ಬಿಡಬೇಕಿದ್ದರೆ ಮೌಂಟ್ ಕಾಲ್ ಅನ್ನು ಎರಡು ಸಲ ಕರೆಯಬೇಕು. ಮೊದಲ ಸಲ ಬೈಂಡ್ ಫ್ಲ್ಯಾಗ್ ಜೊತೆ ‘ಓದಲು ಮಾತ್ರ’ ಎಂದು ಕೊಟ್ಟರೆ ಕರ್ನಲ್ ಅದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ; ಎರಡನೇ ಸಲ ‘ರೀಮೌಂಟ್’ ಸೇರಿಸಿ ಕೊಡಬೇಕು. ಕಾಲ್ ಗೆದ್ದಿತೆಂದು ಅಲ್ಲಿಗೇ ಬಿಟ್ಟರೆ ಬೀಗ ಹಾಕಿದ್ದೇವೆ ಎಂದುಕೊಂಡ ಬಾಗಿಲು ತೆರೆದೇ ಇರುತ್ತದೆ.

ಅಳಿಸುವಾಗಿನ ಅಪಾಯ ಇನ್ನೂ ದೊಡ್ಡದು. ಸಿಮ್‌ಲಿಂಕ್ ಇರುವ ಡೈರೆಕ್ಟರಿಯನ್ನು ‘ಆರ್‌ಎಂ -ಆರ್‌ಎಫ್’ ಮಾಡಿದರೆ ಲಿಂಕ್ ಮಾತ್ರ ಹೋಗುತ್ತದೆ, ಗುರಿ ಉಳಿಯುತ್ತದೆ. ಬೈಂಡ್ ಮೌಂಟ್ ಇದ್ದರೆ ಅದರ ಒಳಹೊಕ್ಕು ಅಸಲಿ ಫೈಲ್‌ಗಳನ್ನೇ ಅಳಿಸುತ್ತದೆ. ‘ಒಂದೇ ಫೈಲ್‌ಸಿಸ್ಟಮ್’ ಎಂಬ ಆಯ್ಕೆ ಕೊಟ್ಟರೂ ಕಾಪಾಡುವುದಿಲ್ಲ: ಮೂಲ ಅದೇ ಫೈಲ್‌ಸಿಸ್ಟಮ್‌ನದ್ದಾದರೆ ಡಿವೈಸ್ ಸಂಖ್ಯೆ ಒಂದೇ ಇರುತ್ತದೆ, ಗಡಿ ಕಾಣುವುದೇ ಇಲ್ಲ. ಅಳಿಸುವ ಮುಂಚೆ ‘ಫೈಂಡ್‌ಮೌಂಟ್’ ಕಮಾಂಡಿನಲ್ಲಿ ನೋಡಿ, ಅನ್‌ಮೌಂಟ್ ಮಾಡಿ, ಆಮೇಲೆ ಮುಂದುವರಿಯಿರಿ.

ವಿಂಡೋಸ್ ಲ್ಯಾಪ್‌ಟಾಪಿನಲ್ಲಿ

ಆಫೀಸಿನ ಲ್ಯಾಪ್‌ಟಾಪ್ ವಿಂಡೋಸ್, ಸರ್ವರ್ ಲಿನಕ್ಸ್. ಬೆಂಗಳೂರಿನ ಹಲವು ತಂಡಗಳ ಪರಿಸ್ಥಿತಿ ಇದೇ ಆದ್ದರಿಂದ ಎರಡೂ ಕಡೆಯ ವ್ಯತ್ಯಾಸ ಗೊತ್ತಿರಬೇಕು.

ವಿಂಡೋಸ್‌ನಲ್ಲಿ ‘ಕ್ರಿಯೇಟ್ ಸಿಂಬಾಲಿಕ್ ಲಿಂಕ್’ ಎಂಬ ಕಾಲ್ ವಿಸ್ಟಾ ಜೊತೆ ಬಂತು. ಗುರಿ ಫೈಲೋ ಡೈರೆಕ್ಟರಿಯೋ ಎಂದು ಮೊದಲೇ ಹೇಳಬೇಕು. ಡೈರೆಕ್ಟರಿಯಾದರೆ ಫ್ಲ್ಯಾಗ್ 1. ತಪ್ಪು ಹೇಳಿದರೂ ಲಿಂಕ್ ಆಗುತ್ತದೆ, ತೆರೆಯಲು ಹೋದಾಗ ಕೈಕೊಡುತ್ತದೆ. ವಿಶೇಷ ಅಧಿಕಾರವಿಲ್ಲದಿದ್ದರೆ 1314 ಎರರ್. ವಿಂಡೋಸ್ 10ರ 1703 ಆವೃತ್ತಿಯಿಂದ ಡೆವಲಪರ್ ಮೋಡ್ ಆನ್ ಮಾಡಿ, ಕಾಲ್‌ಗೆ ಫ್ಲ್ಯಾಗ್ 2 ಕೂಡ ಸೇರಿಸಿದರೆ ಅಡ್ಮಿನ್ ಅಲ್ಲದವರೂ ಮಾಡಬಹುದು. ಬರೀ ಮೋಡ್ ಆನ್ ಮಾಡಿ ಫ್ಲ್ಯಾಗ್ ಮರೆತರೆ ಮತ್ತೆ 1314.

ಕಂಪನಿಯ ಐಟಿ ವಿಭಾಗ ಡೆವಲಪರ್ ಮೋಡ್ ಬಿಡದಿದ್ದರೆ ಡೈರೆಕ್ಟರಿಗಳಿಗೆ ಜಂಕ್ಷನ್ ಬಳಸಿ. ವಿಂಡೋಸ್ 2000ದಿಂದಲೂ ಇದೆ, ವಿಶೇಷ ಅಧಿಕಾರ ಬೇಡ. ಗುರಿ ಡೈರೆಕ್ಟರಿಯೇ ಆಗಿರಬೇಕು, ಅದೇ ಯಂತ್ರದಲ್ಲಿರಬೇಕು, ಪೂರ್ತಿ ಪಾತ್ ಆಗಿರಬೇಕು. ನೆಟ್‌ವರ್ಕ್ ಶೇರ್‌ಗೆ ತೋರಿಸಬೇಕಿದ್ದರೆ ಸಿಮ್‌ಲಿಂಕ್ ಒಂದೇ ದಾರಿ.

ಗಿಟ್‌ನಲ್ಲಿ ಸಿಮ್‌ಲಿಂಕ್ ಬೆಂಬಲದ ಸೆಟ್ಟಿಂಗ್ ಆಫ್ ಇದ್ದರೆ, ಲಿನಕ್ಸ್‌ನಲ್ಲಿ ಕಮಿಟ್ ಮಾಡಿದ ಲಿಂಕ್ ವಿಂಡೋಸ್‌ನಲ್ಲಿ ಪಾತ್ ಬರೆದಿರುವ ಪುಟ್ಟ ಪಠ್ಯ ಫೈಲ್ ಆಗಿ ಇಳಿಯುತ್ತದೆ. ಬಿಲ್ಡ್ ಮಾಡುವಾಗ ‘ಮೊದಲ ಸಾಲಿನಲ್ಲೇ ಸಿಂಟ್ಯಾಕ್ಸ್ ಎರರ್’ ಬಂದು, ಆ ಫೈಲಿನಲ್ಲಿ ಒಂದೇ ಸಾಲು ಇದ್ದರೆ ಕಾರಣ ಇದೇ.

ಭದ್ರತೆ, ಎರರ್‌ಗಳು

‘/ಟಿಎಂಪಿ’ಯಂತೆ ಎಲ್ಲರೂ ಬರೆಯಬಲ್ಲ ಸ್ಟಿಕಿ (ಬೇರೆಯವರ ಫೈಲ್ ಅಳಿಸಲು ಬಿಡದ) ಡೈರೆಕ್ಟರಿಯಲ್ಲಿ ಬೇರೆಯವರು ಮಾಡಿದ ಲಿಂಕನ್ನು ಹಿಂಬಾಲಿಸಲು ಹೋದರೆ 13 (ಅನುಮತಿ ಇಲ್ಲ) ಬರಬಹುದು, ರೂಟ್‌ಗೂ ಕೂಡ. ಇದು ಲಿನಕ್ಸ್ 3.6ರಲ್ಲಿ ಬಂದ ರಕ್ಷಣೆ. ಡೆಬಿಯನ್, ಉಬುಂಟುಗಳಲ್ಲಿ ಆನ್ ಇರುತ್ತದೆ. ಅನುಮತಿ ಎಲ್ಲ ಸರಿಯಿದ್ದೂ ಹೀಗಾದರೆ ರಕ್ಷಣೆಯನ್ನು ಆಫ್ ಮಾಡಬೇಡಿ, ಲಿಂಕನ್ನು ಬೇರೆ ಡೈರೆಕ್ಟರಿಗೆ ಕೊಂಡೊಯ್ಯಿರಿ.

ಬಳಕೆದಾರರು ಅಪ್‌ಲೋಡ್ ಮಾಡಿದ ಆರ್ಕೈವ್ ಬಿಡಿಸುವ ಸೇವೆಗಳಿಗೆ ಸಿಮ್‌ಲಿಂಕ್ ನೇರ ಅಪಾಯ: ಮೊದಲು ಹೊರಗೆ ತೋರಿಸುವ ಲಿಂಕ್, ಅದರ ಹಿಂದೆಯೇ ಆ ಲಿಂಕ್ ಮೂಲಕ ಬರೆಯುವ ಫೈಲ್. ತೆರೆಯುವಾಗ ‘ನೋಫಾಲೋ’ ಫ್ಲ್ಯಾಗ್ ಕೊಟ್ಟರೆ ಪಾತ್‌ನ ಕೊನೆಯ ತುಂಡಿಗೆ ಮಾತ್ರ ಕಾವಲು, ನಡುವಿನ ಡೈರೆಕ್ಟರಿಗಳಿಗೆ ಇಲ್ಲ. ಲಿನಕ್ಸ್ 5.6ರ ‘ಓಪನ್-ಆ್ಯಟ್2’ ಪೂರ್ತಿ ದಾರಿಗೆ ಕಾವಲು ಹಾಕುತ್ತದೆ: ‘ಬಿನೀತ್’ ಫ್ಲ್ಯಾಗ್ ಕೊಟ್ಟರೆ ಹೊರಹೋಗುವ ಪಾತ್‌ಗೆ 18, ‘ನೋ ಸಿಮ್‌ಲಿಂಕ್ಸ್’ ಕೊಟ್ಟರೆ ಎಲ್ಲಿ ಲಿಂಕ್ ಸಿಕ್ಕರೂ 40.

ಎಸ್‌ಪಿ ರೋಡಿನಿಂದ ತಂದ ಹೊಸ ಪೆನ್‌ಡ್ರೈವ್‌ನಲ್ಲಿ ಸಿಮ್‌ಲಿಂಕ್ ಮಾಡಹೊರಟು 1 (ಇಪರ್ಮ್) ಬಂದರೆ ಸೂಡೂ ಹಾಕಿ ರೂಟ್ ಆದರೂ ಪ್ರಯೋಜನವಿಲ್ಲ. ಅದು ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಆಗಿರುತ್ತದೆ, ಆ ಫೈಲ್‌ಸಿಸ್ಟಮ್‌ಗೆ ಸಿಮ್‌ಲಿಂಕ್ ಎಂಬುದೇ ಗೊತ್ತಿಲ್ಲ. ಎಲ್ಲವನ್ನೂ ಟಾರ್ ಕಮಾಂಡಿನಿಂದ ಒಂದೇ ಫೈಲಿಗೆ ಕಟ್ಟಿ ಅದನ್ನು ಕಾಪಿ ಮಾಡಿ, ಲಿಂಕ್‌ಗಳು ಅದರೊಳಗೆ ಭದ್ರ.

ಲಿಂಕಿನ ಗುರಿಯನ್ನು ಓದುವ ‘ರೀಡ್‌ಲಿಂಕ್’ ಕಾಲ್ ಕೊನೆಗೆ ಸೊನ್ನೆ ಬೈಟ್ ಹಾಕುವುದಿಲ್ಲ, ಬಫರ್ ಸಾಲದಿದ್ದರೆ ಹೇಳದೆ ಕತ್ತರಿಸುತ್ತದೆ. ಬಂದ ಸಂಖ್ಯೆ ಬಫರ್ ಗಾತ್ರದಷ್ಟೇ ಇದ್ದರೆ ಕತ್ತರಿಸಿದೆ ಎಂದೇ ತಿಳಿದು ದೊಡ್ಡ ಬಫರ್ ಕೊಟ್ಟು ಮತ್ತೆ ಕರೆಯಿರಿ. ‘/ಪ್ರಾಕ್’ ಒಳಗಿನ ಹಲವು ಲಿಂಕ್‌ಗಳ ಗಾತ್ರ 0 ಎಂದು ಕಾಣುವುದರಿಂದ ಎಲ್‌ಸ್ಟ್ಯಾಟ್ ನಂಬಿ ಬಫರ್ ಅಳೆಯುವ ಕೋಡ್ ಅಲ್ಲಿ ಮುಗ್ಗರಿಸುತ್ತದೆ.

ಕನ್ನಡ ಹೆಸರುಗಳ ಲೆಕ್ಕ

ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ‘ಕ್ಷೇತ್ರ’ ಕಣ್ಣಿಗೆ ಎರಡೇ ಅಕ್ಷರ. ಒಳಗೆ ಏಳು ಸಂಕೇತ, 21 ಬೈಟ್. ಒಂದು ಹೆಸರಿಗಿರುವ 255 ಬೈಟ್ ಮಿತಿಯಲ್ಲಿ 85 ಸಂಕೇತ ಮಾತ್ರ ಹಿಡಿಯುತ್ತವೆ, ಮೀರಿದರೆ 36 ಸಂಖ್ಯೆಯ ಎರರ್. ಐನೋಡ್ ಒಳಗೆ ಕೂರುವ ಗುರಿಯಲ್ಲಿ 19.

ವಿಂಡೋಸ್‌ನಲ್ಲಿ ಕಾಲ್‌ನ ‘ಡಬ್ಲ್ಯೂ’ ರೂಪವನ್ನೇ ಬಳಸಿ. ‘ಎ’ ರೂಪ ಸಾಮಾನ್ಯವಾಗಿ ಹಳೆಯ ಆನ್ಸಿ ಕೋಡ್ ಪೇಜ್‌ಗಳ (ಅಕ್ಷರ-ಸಂಕೇತ ಪಟ್ಟಿಗಳ) ಮೂಲಕ ಹೋಗುತ್ತದೆ, ಕನ್ನಡಕ್ಕೆ ಅಂಥ ಆನ್ಸಿ ಕೋಡ್ ಪೇಜ್ ಇಲ್ಲ.

ಕೊನೆಯದಾಗಿ, ತುಂಬ ಹೊತ್ತು ತಿನ್ನುವ ದೋಷ. ಡೈರೆಕ್ಟರಿ ಕಣ್ಣೆದುರೇ ಇದೆ, ಲಿಂಕಿನಲ್ಲಿರುವ ಹೆಸರೂ ಅದೇ, ಆದರೂ ‘ಇಲ್ಲ’ (2) ಎನ್ನುತ್ತದೆ. ‘ಕೋಶ’ ಎಂಬ ಹೆಸರಿನ ‘ಕೋ’ವನ್ನು ಯುನಿಕೋಡ್‌ನಲ್ಲಿ ಕ ಮತ್ತು ಒಂದೇ ಓತ್ವದ ಸಂಕೇತವಾಗಿ 6 ಬೈಟ್‌ನಲ್ಲಿ ಬರೆಯಬಹುದು, ಕ, ಎತ್ವ, ಊಕಾರ, ದೀರ್ಘ ಎಂದು ಬಿಡಿಸಿ 12 ಬೈಟ್‌ನಲ್ಲೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಮ್ಯಾಕ್‌ನ ಎಪಿಎಫ್‌ಎಸ್ ಎರಡನ್ನೂ ಒಂದೇ ಹೆಸರೆಂದು ಒಪ್ಪಿಕೊಳ್ಳುತ್ತದೆ, ಸಾಮಾನ್ಯ ಎಕ್ಸ್‌ಟ್4 ಒಪ್ಪುವುದಿಲ್ಲ. ಹಾಗಾಗಿ ಮ್ಯಾಕ್‌ನಲ್ಲಿ ನಡೆದ ಲಿಂಕ್ ಸರ್ವರ್‌ನಲ್ಲಿ ತೂಗಾಡುತ್ತದೆ. ಪದದ ಕೊನೆಯ ಅರ್ಧಾಕ್ಷರದ ಹಿಂದೆ ಕಾಣದೆ ಸೇರಿಕೊಳ್ಳುವ ಜೋಡಣೆ ತಡೆಯ ಸಂಕೇತವೂ ಇದೇ ಆಟ ಆಡುತ್ತದೆ: ‘ಸರ್ವರ್’ 18 ಬೈಟ್ ಇರಬೇಕಾದಲ್ಲಿ 21 ಇರುತ್ತದೆ. ಕಣ್ಣಿನಿಂದ ಹುಡುಕಲು ಹೋಗಬೇಡಿ. ರೀಡ್‌ಲಿಂಕ್ ಕೊಟ್ಟ ಗುರಿಯನ್ನೂ ಡೈರೆಕ್ಟರಿಯ ಹೆಸರನ್ನೂ ಬೈಟ್ ಎಣಿಸುವ ಕಮಾಂಡಿಗೆ ಹರಿಸಿ. ಸಂಖ್ಯೆ ಬೇರೆ ಬಂದರೆ ಡೈರೆಕ್ಟರಿಯ ಹೆಸರನ್ನು ಯುನಿಕೋಡ್‌ನ ಕೂಡಿಸಿದ ರೂಪಕ್ಕೆ ತನ್ನಿ, ಲಿಂಕನ್ನು ಅದೇ ಸ್ಟ್ರಿಂಗ್‌ನಿಂದ ಹೊಸದಾಗಿ ಮಾಡಿ, ರಿನೇಮ್ ಮಾಡಿ ಹಳೆಯದರ ಮೇಲೆ ಇಡಿ.